ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್: ಸ್ಕೂಬಾ ಡೈವಿಂಗ್‌ಗೆ ನಮ್ಮ ಕಡೆಯವರು ಎಲ್ಲಿಗೆ ಹೋಗಬೇಕು?

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯಿಂದ ಸ್ಕೂಬಾ ಬಗ್ಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ಕೆಳಗೆ ಇಳಿಯುವುದರ ಬಗ್ಗೆ, ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸ್ಕೂಬಾ ಮಾಡಬೇಕು, ಅಂಡಮಾನ್‌ಗೆ ಹೋಗೋದಾ, ಮಾಲ್ಡೀವ್ಸ್‌ಗೆ ಹೋಗೋದಾ? ಲಕ್ಷದ್ವೀಪ ಹೇಗೆ?" ಕೆಲವರು ಮುರುಡೇಶ್ವರದ ನೇತ್ರಾಣಿ ದ್ವೀಪವನ್ನೂ ಸೇರಿಸುತ್ತಾರೆ. ಕೇಳುವ ಹೊತ್ತಿಗೆ ಅರ್ಧ ಜನ ಫೋಟೊ ನೋಡಿ ಮನಸ್ಸು ಮಾಡಿಬಿಟ್ಟಿರುತ್ತಾರೆ. ಫೋಟೊದಲ್ಲಿ ಎಲ್ಲ ಕಡೆಯೂ ನೀರು ನೀಲಿ, ಮರಳು ಬಿಳಿ. ನೀರಿನ ಕೆಳಗೆ ಇಳಿದ ಮೇಲೆ ಮಾತ್ರ ಒಂದೊಂದು ಜಾಗವೂ ಒಂದೊಂದು ತರಹ.

ಆದ್ದರಿಂದ ಜಾಗ ಆಮೇಲೆ ನೋಡೋಣ. ಮೊದಲು ನಿಮ್ಮ ಬಗ್ಗೆ ನಾಲ್ಕು ವಿಷಯ ಇತ್ಯರ್ಥ ಆಗಬೇಕು.

ಮೊದಲನೆಯದು, ನೀವು ನೀರಿನಲ್ಲಿ ಎಷ್ಟು ಪಳಗಿದ್ದೀರಿ ಅನ್ನುವುದು. ಸ್ಕೂಬಾದಲ್ಲಿ ಎರಡು ದಾರಿ ಇದೆ. ಒಂದು, ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಕರೆದೊಯ್ಯುವ ಪರಿಚಯದ ಡೈವ್. ಇದಕ್ಕೆ ಈಜು ಬರಲೇಬೇಕು ಅಂತಿಲ್ಲ, ಆಳ 12 ಮೀಟರ್ ದಾಟುವುದಿಲ್ಲ, ಅರ್ಧ ದಿನದಲ್ಲಿ ಮುಗಿಯುತ್ತದೆ. ಇನ್ನೊಂದು, ಓಪನ್ ವಾಟರ್ ಕೋರ್ಸ್. ಮೂರರಿಂದ ನಾಲ್ಕು ದಿನ ಬೇಕು. ಮುಗಿಸಿದರೆ ಜೀವನಪೂರ್ತಿ ನಡೆಯುವ ಸರ್ಟಿಫಿಕೇಟ್ ಸಿಗುತ್ತದೆ, ಜೊತೆಗಾರರೊಬ್ಬರ ಜೊತೆ 18 ಮೀಟರ್ ಆಳದ ತನಕ ಪ್ರಪಂಚದ ಯಾವ ಕಡಲಲ್ಲಾದರೂ ಇಳಿಯಬಹುದು. ಪ್ಯಾಡಿ, ಎಸ್‌ಎಸ್‌ಐ ಅಂತ ಎರಡು ದೊಡ್ಡ ಸಂಸ್ಥೆಗಳಿವೆ, ಯಾವುದಾದರೂ ಸರಿ, ಎಲ್ಲ ಕಡೆ ಒಪ್ಪುತ್ತಾರೆ. ಪ್ಯಾಡಿಯ ಕೋರ್ಸ್‌ನಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ವೇಗ ಯಾರೂ ಅಳೆಯುವುದಿಲ್ಲ.

ನಮ್ಮ ಕಡೆ ಈಜು ಕಲಿತ ಬಹಳ ಜನ ಕಲಿತದ್ದು ತೋಟದ ಬಾವಿಯಲ್ಲಿ, ಕುಂಟೆಯಲ್ಲಿ. ಅದು ಸಾಕು. ಉಪ್ಪುನೀರಿನಲ್ಲಿ ತೇಲುವುದು ಬಾವಿಗಿಂತ ಸುಲಭ. ಆದರೆ ಒಂದು ಅಭ್ಯಾಸ ಬಿಡಬೇಕಾಗುತ್ತದೆ: ಬಾವಿಯಲ್ಲಿ ನಾವು ಕೈ ಬಡಿದು ಈಜುತ್ತೇವೆ, ಸ್ಕೂಬಾದಲ್ಲಿ ಕೈ ಕಟ್ಟಿಕೊಂಡು ಬರೀ ಕಾಲಿಗೆ ತೊಡುವ ರೆಕ್ಕೆಯಂತಹ ಫಿನ್‌ನಿಂದ ಸಾಗಬೇಕು. ಕೈ ಬಡಿದಷ್ಟೂ ಏದುಸಿರು ಬಂದು ಸಿಲಿಂಡರ್‌ನ ಗಾಳಿ ಬೇಗ ಖಾಲಿಯಾಗುತ್ತದೆ.

ಎರಡನೆಯದು, ಯಾವ ತಿಂಗಳು ಬಿಡುವು. ಇದನ್ನು ಜನ ಕೊನೆಗೆ ಯೋಚನೆ ಮಾಡುತ್ತಾರೆ, ಆದರೆ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಮೂರನೆಯದು, ಜೊತೆಗೆ ಯಾರು ಬರುತ್ತಾರೆ. ನೀವೊಬ್ಬರೇ ನೀರಿಗಿಳಿದು ಅಪ್ಪ ಅಮ್ಮ, ಮಕ್ಕಳು ದಡದಲ್ಲಿ ಕೂರುವುದಾದರೆ ಅವರಿಗೂ ಏನಾದರೂ ಇರಬೇಕು ಅಲ್ವಾ? ನಾಲ್ಕನೆಯದು ದುಡ್ಡು. ಟಿಕೆಟ್ ದರ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ, ಒಂದು ಡೈವ್‌ಗೆ ಒಟ್ಟು ಎಷ್ಟು ಬಿತ್ತು ಅಂತ ನೋಡಬೇಕು.

ಎಲ್ಲಕ್ಕಿಂತ ಮೊದಲು ಆರೋಗ್ಯ. ಡೈವ್ ಸೆಂಟರ್‌ನವರು ಒಂದು ವೈದ್ಯಕೀಯ ಪ್ರಶ್ನಾವಳಿ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಅಥವಾ ಸೈನಸ್ ಆಪರೇಷನ್ ಆಗಿದ್ದರೆ ವೈದ್ಯರ ಒಪ್ಪಿಗೆ ಪತ್ರ ಕೇಳುತ್ತಾರೆ. ಗರ್ಭಿಣಿಯರು ಇಳಿಯಲೇಬಾರದು. ಆ ಫಾರಂ ಅನ್ನು ಮುಂಚೆಯೇ ತರಿಸಿಕೊಂಡು ಊರಲ್ಲೇ ಡಾಕ್ಟರಿಗೆ ತೋರಿಸಿ. ದ್ವೀಪ ತಲುಪಿದ ಮೇಲೆ "ಆಗಲ್ಲ" ಅನ್ನಿಸಿಕೊಳ್ಳುವುದು ತುಂಬಾ ನೋವಿನ ವಿಷಯ. ಹಾಗಂತ ಫಾರಂನಲ್ಲಿ ಸುಳ್ಳು ಬರೆಯಬೇಡಿ, ಅದು ಜೀವದ ಪ್ರಶ್ನೆ.

ನೇತ್ರಾಣಿ: ರುಚಿ ನೋಡಲು

ಇದು ದ್ವೀಪಸಮೂಹವೇನಲ್ಲ, ಒಂದೇ ದ್ವೀಪ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಆದರೂ ಇಲ್ಲಿ ಹೇಳುತ್ತಿದ್ದೇನೆ, ಯಾಕೆಂದರೆ ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ, ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಆಯಿತು. ಪರಿಚಯದ ಡೈವ್ ಸುಮಾರು 5,000ದಿಂದ 7,000 ರೂಪಾಯಿ. ಮಳೆಗಾಲ ಬಿಟ್ಟು ಅಕ್ಟೋಬರ್‌ನಿಂದ ಮೇ ತನಕ ನಡೆಯುತ್ತದೆ. ಮೀನು ಚೆನ್ನಾಗಿದೆ. ನೀರಿನ ತಿಳಿ ಮಾತ್ರ ದಿನಕ್ಕೊಂದು ತರಹ, ಒಂದು ದಿನ ಹದಿನೈದು ಮೀಟರ್ ಕಾಣಿಸಿದರೆ ಇನ್ನೊಂದು ದಿನ ಐದೇ ಮೀಟರ್. ದೋಣಿಯ ಕುಲುಕಾಟಕ್ಕೆ ವಾಂತಿ ಮಾಡಿಕೊಳ್ಳುವವರು ಬಹಳ, ಹಿಂದಿನ ರಾತ್ರಿಯೇ ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಜಿಲ್ಲೆಗಳವರು ಗಮನಿಸಲೇಬೇಕಾದ ಒಂದು ವಿಷಯವಿದೆ. ನೀರಿನ ಕೆಳಗೆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿನ ಸಾರಜನಕ ಮೈಯಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ ಸುತ್ತಲ ಒತ್ತಡ ಕಡಿಮೆಯಾಗಿ ಅದು ಗುಳ್ಳೆಗಳಾಗುತ್ತದೆ, ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನು ಬೇಕಾದರೂ ಆಗಬಹುದು. ಡೈವರ್‌ಗಳ ಸುರಕ್ಷತೆಗೆ ದುಡಿಯುವ ಡ್ಯಾನ್ ಸಂಸ್ಥೆಯ ಸಲಹೆ ಇದು: ಒಂದೇ ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದರೆ 18 ಗಂಟೆ ವಿಮಾನ ಹತ್ತಬಾರದು. ಬಹಳ ಜನ ಸುಮ್ನೆ 24 ಗಂಟೆ ಅಂತಲೇ ಇಟ್ಟುಕೊಳ್ಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಈ ನಿಯಮ ವಿಮಾನಕ್ಕೆ ಮಾತ್ರ ಅಲ್ಲ. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ಹೇಗೆ ಹೋದರೂ ಅನ್ವಯಿಸುತ್ತದೆ. ತುಮಕೂರು, ಕೋಲಾರ ಸಮುದ್ರಮಟ್ಟದಿಂದ 800 ಮೀಟರ್ ಮೇಲಿವೆ, ಚಿಕ್ಕಬಳ್ಳಾಪುರ ಅದಕ್ಕಿಂತಲೂ ಎತ್ತರ. ಮಧ್ಯಾಹ್ನ ಡೈವ್ ಮುಗಿಸಿ, ಊಟ ಮಾಡಿ, ಹೊನ್ನಾವರದಿಂದ ಘಾಟಿ ಹತ್ತಿ ಸಾಗರ, ಶಿವಮೊಗ್ಗ, ಅರಸೀಕೆರೆ ದಾರಿಯಲ್ಲಿ ರಾತ್ರಿಯೇ ತುಮಕೂರು ಸೇರುವವರು ಇದ್ದಾರೆ. ಕರಾವಳಿಯಿಂದ ಬಂದು ಕರಾವಳಿಯಲ್ಲೇ ಉಳಿಯುವವರಿಗೆ ಇಲ್ಲದ ಅಪಾಯ ನಮಗಿದೆ. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು ಬೆಳಗ್ಗೆ ಹೊರಡಿ.

ನೇತ್ರಾಣಿಯಿಂದ ತಿಳಿಯುವುದು ಒಂದೇ: ನಿಮ್ಮ ಕಿವಿ, ನಿಮ್ಮ ಧೈರ್ಯ ಇದಕ್ಕೆ ಒಗ್ಗುತ್ತಾ ಇಲ್ಲವಾ ಅನ್ನುವುದು. ಆ ಒಂದು ಉತ್ತರಕ್ಕಾಗಿ ಹೋಗುವುದು ಒಳ್ಳೆಯ ಯೋಚನೆ. ರಜೆ ಕಳೆಯಲು ಅಂತ ಹೋದರೆ ಸಾಲದು.

ಅಂಡಮಾನ್: ಕಲಿಯುವುದಾದರೆ ಇಲ್ಲೇ

ದೇವನಹಳ್ಳಿ ವಿಮಾನ ನಿಲ್ದಾಣ ನಮ್ಮಲ್ಲಿ ಕೆಲವರಿಗೆ ಬೆಂಗಳೂರಿನವರಿಗಿಂತಲೂ ಹತ್ತಿರ. ಚಿಕ್ಕಬಳ್ಳಾಪುರದವರಿಗೆ ಮುಕ್ಕಾಲು ಗಂಟೆಯ ದಾರಿ, ತುಮಕೂರಿನವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬಂದರೆ ನಗರದ ಟ್ರಾಫಿಕ್ಕೇ ಬೇಡ. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. 2024ರಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಡೈವಿಂಗ್ ನಡೆಯುವುದು ಅಲ್ಲಿಂದ ದೋಣಿಯಲ್ಲಿ ಹೋಗುವ ಸ್ವರಾಜ್ ದ್ವೀಪದಲ್ಲಿ ಮತ್ತು ಶಹೀದ್ ದ್ವೀಪದಲ್ಲಿ. ಇವು 2018ರ ತನಕ ಹ್ಯಾವ್ಲಾಕ್, ನೀಲ್ ಆಗಿದ್ದವು, ಡೈವ್ ಸೆಂಟರ್‌ನವರು ಇವತ್ತಿಗೂ ಹಾಗೇ ಕರೆಯುತ್ತಾರೆ. ಖಾಸಗಿ ಫೆರ್ರಿಯಲ್ಲಿ ಎರಡು ಗಂಟೆ ಹಿಡಿಯಿರಿ. ಸರ್ಕಾರಿ ದೋಣಿ ಅಗ್ಗ, ಆದರೆ ಟಿಕೆಟ್ ಸಿಗುವುದು ಕಷ್ಟ. ಸಂಜೆಗೆ ಫೆರ್ರಿ ಇರುವುದಿಲ್ಲ, ಹಾಗಾಗಿ ಬೆಳಗಿನ ವಿಮಾನವನ್ನೇ ಹಿಡಿಯಿರಿ.

ಮೊದಲ ಸಲ ಕಲಿಯುವವರಿಗೆ ನಾನು ಅಂಡಮಾನ್ ಅನ್ನುವುದಕ್ಕೆ ಕಾರಣ ಅಲ್ಲಿನ ಹವಳ ಎಲ್ಲಕ್ಕಿಂತ ಚೆಂದ ಅಂತಲ್ಲ. ಹವಳ ನೋಡಲೇಬೇಕು ಅಂದರೆ ಲಕ್ಷದ್ವೀಪದ ನೀರು ಹೆಚ್ಚು ತಿಳಿ, ಮಾಲ್ಡೀವ್ಸ್‌ನಲ್ಲಿ ದೊಡ್ಡ ಪ್ರಾಣಿಗಳು ಜಾಸ್ತಿ. ಅಂಡಮಾನ್‌ನಲ್ಲಿ ಇರುವುದು ಕಲಿಸುವ ವ್ಯವಸ್ಥೆ. ಒಂದೇ ದ್ವೀಪದಲ್ಲಿ ಅಷ್ಟೊಂದು ಡೈವ್ ಸೆಂಟರ್ ಇರುವುದರಿಂದ ಒಂದು ಕಡೆ ಸರಿಹೋಗದಿದ್ದರೆ ಪಕ್ಕದಲ್ಲಿ ಕೇಳಬಹುದು. ಹಿಂದಿ, ತಮಿಳು, ಇಂಗ್ಲಿಷ್ ಎಲ್ಲ ನಡೆಯುತ್ತದೆ, ಬುಕ್ ಮಾಡುವಾಗ ಕನ್ನಡ ಬಲ್ಲ ಇನ್‌ಸ್ಟ್ರಕ್ಟರ್ ಇದ್ದಾರಾ ಅಂತ ಧೈರ್ಯವಾಗಿ ಕೇಳಿ. ಮಾಸ್ಕ್‌ಗೆ ನೀರು ತುಂಬಿದರೆ ಏನು ಮಾಡಬೇಕು, ಗಾಳಿ ಮುಗಿದರೆ ಯಾವ ಸನ್ನೆ ಅನ್ನುವುದು ಅರ್ಥವಾಗುವ ಭಾಷೆಯಲ್ಲಿ ತಲೆಗೆ ಇಳಿಯಬೇಕು. ನೆಮೊ ರೀಫ್‌ನಂತಹ ಜಾಗದಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬಹುದು, ಎದೆಮಟ್ಟದ ನೀರಲ್ಲಿ ನಿಂತು ಅಭ್ಯಾಸ ಮಾಡಬಹುದು. ಹೆದರಿಕೆ ಇರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಸರ್ಟಿಫಿಕೇಟ್ ಇದ್ದವರಿಗೆ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಅನ್ನುವ ಆಳದ ಜಾಗಗಳಿವೆ, ಬರಾಕುಡಾ, ಸ್ನ್ಯಾಪರ್ ಮೀನಿನ ಹಿಂಡು ಸುತ್ತುವರಿಯುತ್ತದೆ. ಆ ಹೆಸರುಗಳು ಬಂದದ್ದು ಅಲ್ಲಿನ ಕರೆನ್ ಸಮುದಾಯದ ಡೈವರ್‌ಗಳಿಂದ. ಬರ್ಮಾದಿಂದ ನೂರು ವರ್ಷದ ಹಿಂದೆ ಬಂದು ನೆಲೆಸಿದ ಜನ ಇವರು, ಈ ಕಡಲನ್ನು ಅವರಷ್ಟು ಬಲ್ಲವರು ಕಡಿಮೆ. ನಿಮ್ಮ ಗೈಡ್ ಕರೆನ್ ಆಗಿದ್ದರೆ ಅವರು ಕೈ ತೋರಿಸಿದ ಕಡೆ ನೋಡಿ, ಸಾಕು. ಅದೃಷ್ಟವಿದ್ದರೆ ಶಹೀದ್ ದ್ವೀಪದ ಕಡೆ ಕಡಲಹಸು ಕಾಣಿಸುತ್ತದೆ. ಆದರೆ 2010ರಲ್ಲಿ ಕಡಲು ಬಿಸಿಯೇರಿ ಕಡಿಮೆ ಆಳದ ಹವಳ ಬಹಳಷ್ಟು ಬಿಳಿಚಿ ಸತ್ತಿತು, ಅದರ ಗುರುತು ಕೆಲವು ಕಡೆ ಇನ್ನೂ ಇದೆ. ಇದನ್ನು ತಿಳಿದುಕೊಂಡೇ ಹೋಗಿ.

ಖರ್ಚು: ದಡದ ಪರಿಚಯದ ಡೈವ್ ಸುಮಾರು 4,000–5,000, ದೋಣಿಯಲ್ಲಿ ಹೋದರೆ ಇನ್ನೂ ಒಂದೆರಡು ಸಾವಿರ ಜಾಸ್ತಿ, ಓಪನ್ ವಾಟರ್ ಕೋರ್ಸ್ ಸುಮಾರು 30,000–40,000 ರೂಪಾಯಿ. ಕೋರ್ಸ್ ದುಬಾರಿ ಅನ್ನಿಸುತ್ತದೆ. ಆದರೆ ಅದರಲ್ಲಿ ನಾಲ್ಕು ಡೈವ್, ಸಲಕರಣೆ, ಕಲಿಕೆ ಎಲ್ಲ ಸೇರಿದೆ. ವರ್ಷಕ್ಕೊಂದು ಪರಿಚಯದ ಡೈವ್ ಮಾಡುತ್ತಾ ಹೋಗುವವರು ಪ್ರತಿ ಸಲ ಮೊದಲ ಪಾಠದಿಂದಲೇ ಶುರು ಮಾಡುತ್ತಾರೆ, ಅರ್ಧ ಗಂಟೆ ಬೇರೆಯವರ ಕೈಯಲ್ಲಿ ತೇಲಿ ಬರುತ್ತಾರೆ. ಎರಡನೇ ಸಲವೂ ಇಳಿಯುವ ಆಸೆ ಇದ್ದರೆ ಕೋರ್ಸ್ ಮಾಡಿಬಿಡಿ.

ಮನೆಯವರ ಜೊತೆ ಹೋಗುವವರಿಗೂ ಇಲ್ಲೇ ಹೆಚ್ಚು ಅನುಕೂಲ. ರಾಧಾನಗರ ಕಡಲತೀರ ಇದೆ, ಗಾಜಿನ ತಳದ ದೋಣಿ ಇದೆ, ಸಸ್ಯಾಹಾರಿ ಊಟ ಸಲೀಸಾಗಿ ಸಿಗುತ್ತದೆ. ಆರು ರಾತ್ರಿ ಇಟ್ಟುಕೊಂಡರೆ ಕೋರ್ಸ್ ಮುಗಿಸಿ, ಕೊನೆಯ ಒಂದು ದಿನ ನೀರಿಗಿಳಿಯದೆ ಪೋರ್ಟ್ ಬ್ಲೇರ್‌ಗೆ ವಾಪಸ್ ಬಂದು ಸೆಲ್ಯುಲಾರ್ ಜೈಲು ನೋಡಬಹುದು. ವಿಮಾನಕ್ಕೆ ಮುಂಚೆ ಬೇಕಾದ ಬಿಡುವೂ ಆಯಿತು. ಕಾಲ ಡಿಸೆಂಬರ್‌ನಿಂದ ಏಪ್ರಿಲ್. ದಸರಾ ರಜೆಗೆ ಹೋದರೆ ಮಳೆ ಸಿಕ್ಕರೂ ಸಿಕ್ಕಿತು.

ಲಕ್ಷದ್ವೀಪ: ಕಾಯುವ ತಾಳ್ಮೆ ಇದ್ದರೆ

ನೀರಿನ ವಿಷಯಕ್ಕೆ ಬಂದರೆ ದೇಶದಲ್ಲಿ ಇದಕ್ಕೆ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಇವು ಹವಳದಿಂದಲೇ ಆದ ದ್ವೀಪಗಳು. ಒಳಗೆ ಆಳವಿಲ್ಲದ, ಅಲೆಯಿಲ್ಲದ ಲಗೂನ್, ಹೊರಗೆ ಗೋಡೆಯ ಹಾಗೆ ಇಳಿಯುವ ಹವಳದ ದಿಬ್ಬ. ಹೊಸಬರು ಲಗೂನ್‌ನಲ್ಲಿ ಕಲಿಯಬಹುದು, ಪಳಗಿದವರು ಹೊರಗೆ ಹೋಗಬಹುದು. ಅಗತ್ತಿಯ ಲಗೂನ್‌ನಲ್ಲಿ ಹಸಿರಾಮೆಗಳು ಮೇಯುವುದನ್ನು ನೋಡಲು ಸಿಲಿಂಡರ್ ಕೂಡ ಬೇಡ, ಮುಖಕ್ಕೆ ಮಾಸ್ಕ್ ಇದ್ದರೆ ಸಾಕು. ಡೈವಿಂಗ್‌ಗೆ ಕಡಮತ್, ಬಂಗಾರಂ, ಅಗತ್ತಿ, ಕವರತ್ತಿ ಮುಖ್ಯ.

ತೊಂದರೆ ಇರುವುದು ಅಲ್ಲಿಗೆ ತಲುಪುವುದರಲ್ಲಿ. ನಮ್ಮ ದೇಶದವರಿಗೂ ಪ್ರವೇಶದ ಪರ್ಮಿಟ್ ಬೇಕು. ಜನವಸತಿ ಇರುವುದೇ 10 ದ್ವೀಪಗಳಲ್ಲಿ, ಹಾಸಿಗೆಗಳೂ ಕಡಿಮೆ, ವಿಮಾನ ಇಳಿಯುವುದು ಅಗತ್ತಿಯೊಂದರಲ್ಲೇ. ಕೊಚ್ಚಿಯಿಂದ ಹೋಗುವುದು ಹಳೆಯ ದಾರಿ. 2024ರಲ್ಲಿ ಬೆಂಗಳೂರಿನಿಂದ ನೇರ ವಿಮಾನವೂ ಶುರುವಾಯಿತು, ನೀವು ಹೋಗುವ ತಿಂಗಳ ವೇಳಾಪಟ್ಟಿ ನೋಡಿಕೊಂಡೇ ಮುಂದಿನ ಮಾತು. ಹಡಗಿನಲ್ಲಾದರೆ ಕೊಚ್ಚಿಯಿಂದ 14ರಿಂದ 20 ಗಂಟೆ. ಸ್ಪೋರ್ಟ್ಸ್ (SPORTS) ಅನ್ನುವ ಹೆಸರಿನ ಸರ್ಕಾರಿ ಪ್ರವಾಸ ಸಂಸ್ಥೆಯ ಪ್ಯಾಕೇಜ್‌ಗಳಲ್ಲಿ ಊಟ, ವಸತಿ, ಪರ್ಮಿಟ್ ಸೇರಿರುತ್ತವೆ. ಮೊದಲ ಸಲ ಹೋಗುವವರು ಅದನ್ನೇ ನೋಡಿ.

ದಿನ ಹೊಂದಿಸುವುದು ಕಷ್ಟ ಇರುವವರಿಗೆ, ಅಂದರೆ ಅಂಗಡಿ ನಡೆಸುವವರಿಗೆ, ರೇಷ್ಮೆ ಹುಳು ಸಾಕುವವರಿಗೆ ಇದು ಸರಿಹೋಗುವುದಿಲ್ಲ. ಹವಾಮಾನ ಕೆಟ್ಟರೆ ದೋಣಿ, ವಿಮಾನ ಎರಡೂ ಏರುಪೇರಾಗುತ್ತವೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಹುಳ ಏಳುವ ಹೊತ್ತಿಗೆ ನೀವು ಅಗತ್ತಿಯಲ್ಲಿ ಸಿಕ್ಕಿಹಾಕಿಕೊಂಡರೆ ಮನೆಯಲ್ಲಿ ಸೊಪ್ಪು ಹಾಕುವವರು ಯಾರು? ಎರಡು ದಿನ ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಅನ್ನುವವರಿಗೆ ಮಾತ್ರ ಹೇಳುತ್ತೇನೆ. ಕಾಲ ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದ ತನಕ. ಬಂಗಾರಂ ಬಿಟ್ಟು ಬೇರೆ ಕಡೆ ಮದ್ಯ ಇಲ್ಲ. ಊಟದಲ್ಲಿ ಮೀನು, ತೆಂಗು ಜಾಸ್ತಿ. 2024ರ ಬೇಸಿಗೆಯಲ್ಲಿ ಇಲ್ಲೂ ಹವಳ ತೀವ್ರವಾಗಿ ಬಿಳಿಚಿತು. ಅದಕ್ಕೆ ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ನಿಮ್ಮ ಒಂದು ಫಿನ್ ಏಟಿಗೆ ಮುರಿದ ತುಂಡು ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಮಾಲ್ಡೀವ್ಸ್: ಕಲಿತ ಮೇಲೆ

ಮಾಲ್ಡೀವ್ಸ್ ಅಂದರೆ ಲಕ್ಷಗಟ್ಟಲೆ ದುಡ್ಡಿನ ರೆಸಾರ್ಟ್ ಅನ್ನುವ ಭಾವನೆ ಇದೆ. ಜನ ವಾಸಿಸುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗೆ 2009ರಿಂದ ಅನುಮತಿ ಸಿಕ್ಕಿ ಲೆಕ್ಕವೇ ಬದಲಾಯಿತು. ಮಾಫುಶಿ, ಧಿಗುರಾ, ಧರವಂಧೂ ತರಹದ ದ್ವೀಪಗಳಲ್ಲಿ ಮಧ್ಯಮ ವರ್ಗದವರೂ ಉಳಿಯಬಹುದು. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ, ನಮ್ಮ ಪಾಸ್‌ಪೋರ್ಟ್‌ಗೆ ಇಳಿದಲ್ಲೇ ವೀಸಾ ಉಚಿತ. ಪ್ರಯಾಣಕ್ಕೆ 96 ಗಂಟೆಯೊಳಗೆ ಇಮುಗಾ ಅನ್ನುವ ಆನ್‌ಲೈನ್ ಫಾರಂ ತುಂಬಬೇಕು.

ಆದರೂ ಇದನ್ನು ಮೊದಲ ಡೈವ್‌ಗೆ ಯಾಕೆ ಬೇಡ ಅನ್ನುತ್ತೇನೆ ಅಂದರೆ, ಅಲ್ಲಿನ ಒಳ್ಳೆಯ ಜಾಗಗಳಲ್ಲಿ ಬಹಳಷ್ಟು ಇರುವುದು ಹವಳದ ಉಂಗುರಗಳ ನಡುವಿನ ಕಾಲುವೆಗಳಲ್ಲಿ, ಅಲ್ಲಿ ಭರತ ಇಳಿತಕ್ಕೆ ನೀರು ನದಿಯ ಹಾಗೆ ಹರಿಯುತ್ತದೆ. ಶಾರ್ಕ್, ಮಾಂಟಾ ಅನ್ನುವ ಅಗಲ ರೆಕ್ಕೆಯ ದೊಡ್ಡ ಚಪ್ಪಟೆ ಮೀನು ಬರುವುದೇ ಆ ಸೆಳೆತಕ್ಕೆ. ಆ ಸೆಳೆತದಲ್ಲಿ ದೇಹ ನಿಲ್ಲಿಸಿಕೊಳ್ಳಲು ಬಾರದವರು ಮೀನು ನೋಡುವುದಿಲ್ಲ, ತಮ್ಮ ಗಾಳಿಯ ಮೀಟರ್ ನೋಡುತ್ತಾ ಕೂರುತ್ತಾರೆ. ಅಷ್ಟು ದುಡ್ಡು ಕೊಟ್ಟು ಹೋಗಿ ಶಾಂತವಾದ ಜಾಗದಲ್ಲಿ ಮಾತ್ರ ಇಳಿದು ಬರುವುದಾದರೆ ಅದು ಅಂಡಮಾನ್‌ನಲ್ಲೇ ಆಗುತ್ತಿತ್ತು. ಓಪನ್ ವಾಟರ್ ಮುಗಿಸಿ, ಒಂದಿಷ್ಟು ಡೈವ್ ಮಾಡಿ, ಸಾಧ್ಯವಾದರೆ 30 ಮೀಟರ್ ತನಕ ಇಳಿಯಲು ಬಿಡುವ ಅಡ್ವಾನ್ಸ್‌ಡ್ ಕೋರ್ಸ್ ಕೂಡ ಮಾಡಿ ಹೋಗಿ. ಅಲ್ಲಿ ಕಾನೂನಿನ ಮಿತಿಯೂ 30 ಮೀಟರ್. 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿದ ದೇಶ ಅದು, ಅದರ ಫಲ ನೀರಿನ ಕೆಳಗೆ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಒಂದು ಡೈವ್‌ಗೆ ಸಲಕರಣೆ ಸೇರಿ ಸುಮಾರು 60ರಿಂದ 90 ಡಾಲರ್. ಅದರ ಮೇಲೆ ಶೇಕಡಾ 17 ಪ್ರವಾಸೋದ್ಯಮ ತೆರಿಗೆ, ಸಣ್ಣ ಗೆಸ್ಟ್‌ಹೌಸ್‌ನಲ್ಲಿ ತಲೆಗೆ ದಿನಕ್ಕೆ 6 ಡಾಲರ್ ಹಸಿರು ತೆರಿಗೆ, ಸ್ಪೀಡ್‌ಬೋಟ್ ಬಾಡಿಗೆ ಬೇರೆ. "ಎಲ್ಲ ತೆರಿಗೆ ಸೇರಿ ಎಷ್ಟು?" ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಜನ ವಾಸಿಸುವ ಈ ದ್ವೀಪಗಳಲ್ಲಿ ಮದ್ಯ ಇಲ್ಲ, ಗೊತ್ತುಮಾಡಿದ ತೀರದಲ್ಲಿ ಮಾತ್ರ ಬಿಕಿನಿ. ಊಟದಲ್ಲಿ ಟ್ಯೂನಾ ಮೀನೇ ಮುಖ್ಯ, ಶುದ್ಧ ಸಸ್ಯಾಹಾರಿಗಳು ಮೊದಲೇ ಹೇಳಿಡಬೇಕು.

ಆದರೆ ಒಂದು ವಿಷಯದಲ್ಲಿ ಮಾಲ್ಡೀವ್ಸ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಶ್ರೀನಿವಾಸಪುರದ ಮಾವಿನ ತೋಟದವರನ್ನು ನೋಡಿ. ಏಪ್ರಿಲ್‌ನಿಂದ ಕಾಯಿ, ಮಂಡಿ, ಲಾರಿ ಅಂತ ಜುಲೈ ತನಕ ಉಸಿರಾಡಲು ಬಿಡುವಿಲ್ಲ. ಕೈಗೆ ದುಡ್ಡು ಬಂದು ಬಿಡುವಾಗುವುದು ಆಗಸ್ಟ್, ಸೆಪ್ಟೆಂಬರ್‌ಗೆ. ಆಗ ನೇತ್ರಾಣಿ, ಲಕ್ಷದ್ವೀಪ ಮುಚ್ಚಿರುತ್ತವೆ, ಅಂಡಮಾನ್‌ನಲ್ಲಿ ಮಳೆ. ಮಾಲ್ಡೀವ್ಸ್‌ನಲ್ಲೂ ಮಳೆ ಬರುತ್ತದೆ, ಆದರೆ ಡೈವಿಂಗ್ ನಿಲ್ಲುವುದಿಲ್ಲ. ಧರವಂಧೂ ಪಕ್ಕದ ಹನಿಫರು ಕೊಲ್ಲಿಯಲ್ಲಿ ಮಾಂಟಾಗಳು ಹಿಂಡುಹಿಂಡಾಗಿ ಸೇರುವುದು ಜೂನ್‌ನಿಂದ ನವೆಂಬರ್‌ನಲ್ಲೇ. ಅಲ್ಲಿ ಸ್ಕೂಬಾಗೆ ನಿಷೇಧ, ಸ್ನಾರ್ಕೆಲ್ ಅನ್ನುವ ಉಸಿರಾಟದ ಕೊಳವೆ ಹಾಕಿಕೊಂಡು ಮೇಲಿಂದ ನೋಡಬೇಕು. ಹಾಗಾಗಿ ಡೈವಿಂಗ್ ಬಾರದವರಿಗೂ ಆ ತಿಂಗಳು ನಷ್ಟವಲ್ಲ. ಧಿಗುರಾ ಕಡೆ ತಿಮಿಂಗಿಲ ಶಾರ್ಕ್ ವರ್ಷವಿಡೀ ಕಾಣಿಸುತ್ತದೆ.

ಬುಕ್ ಮಾಡುವ ಮುಂಚೆ

ಈಜು ಬಾರದ, ಮೂರೇ ದಿನ ಇರುವ, ಕಡಿಮೆ ಬಜೆಟ್‌ನವರು ನೇತ್ರಾಣಿಗೆ ಹೋಗಿ. ವಾರದ ರಜೆ, ಮನೆಯವರು ಜೊತೆ, ಕಲಿಯುವ ಆಸೆ ಅಂದರೆ ಅಂಡಮಾನ್, ಬೇರೆ ಯೋಚನೆ ಬೇಡ. ಸರ್ಟಿಫಿಕೇಟ್ ಇದ್ದು ಗದ್ದಲ ಬೇಡ ಅನ್ನುವ ಇಬ್ಬರು ಸ್ನೇಹಿತರು ನಾಲ್ಕೈದು ತಿಂಗಳು ಮುಂಚೆ ಲಕ್ಷದ್ವೀಪದ ಪರ್ಮಿಟ್ ಕೆಲಸ ಶುರು ಮಾಡಲಿ. ನೀರಲ್ಲಿ ನಿರಾಳವಾಗಿ ಇರಬಲ್ಲೆ, ದೊಡ್ಡ ಮೀನು ನೋಡಬೇಕು ಅನ್ನುವವರು ಮಾಲ್ಡೀವ್ಸ್‌ಗೆ ದುಡ್ಡು ಕೂಡಿಡಿ.

ಡೈವ್ ಸೆಂಟರ್‌ಗೆ ಫೋನ್ ಮಾಡಿದಾಗ ರಿಯಾಯಿತಿ ಕೇಳುವ ಮುಂಚೆ ಇವನ್ನು ಕೇಳಿ: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಪರಿಚಯದ ಡೈವ್‌ನಲ್ಲಿ ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಇದ್ದರೆ ಉತ್ತಮ. ದೋಣಿಯಲ್ಲಿ ಆಕ್ಸಿಜನ್ ಇದೆಯಾ? ಹತ್ತಿರದ ರೀಕಂಪ್ರೆಷನ್ ಚೇಂಬರ್, ಅಂದರೆ ಮೈಯಲ್ಲಿ ಸಾರಜನಕ ಗುಳ್ಳೆಗಟ್ಟಿದರೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಕೋಣೆ, ಎಲ್ಲಿದೆ? ಹವಾಮಾನ ಕೆಟ್ಟರೆ ದುಡ್ಡು ವಾಪಸಾ, ಬೇರೆ ದಿನವಾ? ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಸಿಗುತ್ತಾ ಅಂತಲೂ ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವ ಕಡೆ ದುಡ್ಡು ಕಟ್ಟಬೇಡಿ.

ನೆಗಡಿ ಇದ್ದ ದಿನ ಇಳಿಯಬೇಡಿ, ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸಮ ಆಗದೆ ಪರದೆಗೆ ಪೆಟ್ಟಾಗಬಹುದು. ಹಾಗೇ ಪ್ರವಾಸದ ವಿಮೆ ಮಾಡಿಸುವಾಗ ಪಾಲಿಸಿ ಓದಿ, ಬಹಳಷ್ಟು ಸಾಮಾನ್ಯ ಪಾಲಿಸಿಗಳು ಸ್ಕೂಬಾವನ್ನು ಹೊರಗಿಟ್ಟಿರುತ್ತವೆ. ಸ್ಕೂಬಾ ಸೇರಿದೆಯಾ, ಎಷ್ಟು ಆಳದ ತನಕ, ಚೇಂಬರ್ ಚಿಕಿತ್ಸೆಗೆ ಕೊಡುತ್ತಾರಾ ಅನ್ನುವ ಮೂರಕ್ಕೂ ಬರಹದಲ್ಲಿ ಸರಿಯಾದ ಉತ್ತರ ಸಿಕ್ಕ ಮೇಲೆ ಟಿಕೆಟ್ ಮಾಡಿಸಿ.